ಚಿಕ್ಕಹನುಮಕ್ಕನ ಪ್ರಮಾಣಪತ್ರ

ಮಾರ್ಚ್ 4, 2024, ಸೋಮವಾರ

ಸಂಪನ್ಮೂಲ ಕೇಂದ್ರದ ಬೀಗ ತೆಗೆದೆ. ಪುಸ್ತಕ, ಸ್ಲೇಟು, ಚಾಕ್‌ಪೀಸ್ ಡಬ್ಬಿ ಬೈಕಿಗೆ ಕಟ್ಟಿಕೊಂಡು ಬಡವನಹಳ್ಳಿ ಕಡೆಯ ವಯಸ್ಕರ ತರಗತಿಗೆ. ಹದಿಮೂರು ದಿನಕ್ಕೆ ಪರೀಕ್ಷೆ. ಹದಿನೆಂಟು ಹೆಂಗಸರಲ್ಲಿ ಹದಿನಾರು ಜನಕ್ಕೆ ಕಾಗುಣಿತವೇ ಹತ್ತಿಲ್ಲ. ಹೆದರುವವನೇ ಈ ನಂದೀಶ್ವರಯ್ಯ? ಮೂವತ್ತು ವರ್ಷ ಗದೆ ಹೊತ್ತು ರಂಗದ ಹಲಗೆ ನಡುಗಿಸಿದವನು! ನಮ್ಮ ನಾಟಕದ ಮೇಳದಲ್ಲಿ ಅಕ್ಷರ ಬಾರದ ಆಸಾಮಿಗಳೇ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟರು, ಇವರು ಬಾಯಿಪಾಠ ಮಾಡಿದರು, ಚಪ್ಪಾಳೆ ಬಿತ್ತು. ಇಲ್ಲೂ ಅದೇ. ಸಾಲಿನ ಮೇಲೆ ಬೆರಳಿಡು, ನಾನು ಹೇಳಿದ್ದನ್ನು ಹೇಳು, ಬೆರಳು ಸರಿಸು.

ಚಿಕ್ಕಹನುಮಕ್ಕ ಎರಡೇ ಸಲಕ್ಕೆ ಏಳನೇ ಪಾಠ ಪೂರ್ತಿ ಒಪ್ಪಿಸಿದಳು. ಅರವತ್ತರ ಮುದುಕಿ. ಎಂಥ ಕಂಠ!

"ಮೇಷ್ಟ್ರೆ, ಇದು ಓದ್ದಂಗಾಯ್ತಾ?"

"ಓದ್ದಂಗಲ್ಲ ಕಣಮ್ಮ, ಓದಿದ್ದೇ!"

ಸಹಾಯಕಿ ಭುವನಾಳ ಮುಖ ಮಾತ್ರ ಸಪ್ಪೆ. "ಸರ್, ಬೇರೆ ಪುಟ ಕೊಟ್ರೆ?"

"ಪುಟ ಕೊಡೋನು ನಾನು ಕಣಮ್ಮ."

ಮಾರ್ಚ್ 17, ಭಾನುವಾರ

ಪರೀಕ್ಷೆ. ತಪಾಸಣೆಗೆ ಬಂದವರ ಮುಂದೆ ಏಳನೇ ಪಾಠ ಬಿಚ್ಚಿಟ್ಟೆ. ಚಿಕ್ಕಹನುಮಕ್ಕ ಗುಡುಗಿದಳು. ಅವರು ಬಾಯಿ ತೆರೆದುಕೊಂಡು ಕೇಳಿದರು. ಬರೆಯುವ ಭಾಗ... ಅದನ್ನು ನಾನೇ ತುಂಬಿದೆ. ಸಹಿ ಮಾತ್ರ ಅವರವರದೇ. ಹದಿನೆಂಟಕ್ಕೆ ಹದಿನೆಂಟೂ ಪಾಸು!

ಮೇ 15, ಬುಧವಾರ

ಪ್ರಮಾಣಪತ್ರ ವಿತರಣೆ. ನನಗೆ ಶಾಲು, ಹಾರ. ಚಿಕ್ಕಹನುಮಕ್ಕನ ಸತ್ತ ಅಣ್ಣನ ಮಗ ಅಂಬರೀಶ್ ಬಂದಿದ್ದ. ಅತ್ತೆಯ ಕಾಲಿಗೆ ಬಿದ್ದು, ಪ್ರಮಾಣಪತ್ರ ಹಿಡಿಸಿ ಫೋಟೋ ತೆಗೆದ.

"ಇನ್ಮ್ಯಾಕೆ ನಮ್ಮತ್ತೇನ ಯಾರೂ ಎಬ್ಬೆಟ್ಟು ಅನ್ನಂಗಿಲ್ಲ ಕಣ್ರಪ್ಪಾ!"

ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ಜೂನ್ 10, ಸೋಮವಾರ

ಚಿಕ್ಕಹನುಮಕ್ಕ ಕೇಂದ್ರಕ್ಕೆ ಒಬ್ಬಳೇ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಪಿಂಚಣಿ ಕಾಗದ ಅಂತ ಹೇಳಿ ಅಂಬರೀಶ್ ನೋಂದಣಿ ಕಚೇರಿಗೆ ಕರೆದೊಯ್ದನಂತೆ. ಅದು ಹಕ್ಕು ಬಿಡುಗಡೆ ಪತ್ರ. ಆಕೆಗೆ ಅಪ್ಪನಿಂದ ಬಂದ ಎರಡೆಕರೆ ಹುಣಸೆ ತೋಪು ಈಗ ಅವನದು. ಆಕೆಯ ಮನೆ ಇರುವುದೂ ಅದರಲ್ಲೇ.

"ಓದಕ್ಕೆ ಬತ್ತದಾ ಅಂದ್ರು. ಬತ್ತದೆ, ಸಾರ್ಟಿಫಿಕೇಟ್ ಐತೆ ಅಂದೆ. ಕಾಗದ ಮುಂದಿಟ್ರು. ನೀವು ಹೇಳ್ಕೊಟ್ಟಂಗೇ ಬೆರಳಿಟ್ಟು ಏಳನೇ ಪಾಠ ಮನಸ್ನಾಗೇ ಹೇಳ್ಕಂಡೆ ಮೇಷ್ಟ್ರೆ. ಮುಗೀತು. ಸೈನ್ ಹಾಕ್ಬುಟ್ಟೆ."

ಭುವನಾ ಎದ್ದು ಹೊರಗೆ ಹೋದಳು. ಆಮೇಲೆ ಬಂದು, ಖಾತೆ ಅವನ ಹೆಸರಿಗೆ ಮಾಡಬಾರದೆಂದು ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಬರೆದುಕೊಟ್ಟಳು. ನನ್ನ ಕಡೆ ನೋಡಲಿಲ್ಲ.

"ನೀವು ಬಂದು, ಇವ್ಳಿಗೆ ಓದಕ್ಕೆ ಬರಾಕಿಲ್ಲ ಅಂತ ಒಂದ್ ಮಾತ್ ಹೇಳ್ಬುಡಿ. ಮನೆ ಉಳೀತದೆ," ಅಂದಳು ಚಿಕ್ಕಹನುಮಕ್ಕ.

ಹೇಳುತ್ತೇನೆ ಅಂದೆ. ಎದೆ ಮುಟ್ಟಿ ಅಂದೆ.

ಆಗಸ್ಟ್ 6, ಮಂಗಳವಾರ

ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಚಿಕ್ಕಹನುಮಕ್ಕನನ್ನು ಮೊದಲೇ ಕೇಳಿ ಹೊರಗೆ ಕಳಿಸಿದ್ದರು, ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಅಂಬರೀಶ್ ನನ್ನ ಕಿವಿಗೆ ಬಾಯಿಟ್ಟ.

"ಅವ್ಳದ್ದು ಸುಳ್ಳು ಅಂದ್ರೆ ಉಳಿದ ಹದ್ನೇಳೂ ಸುಳ್ಳೇ ಅಲ್ವಾ ಮೇಷ್ಟ್ರೆ? ಬರೆಯೋ ಭಾಗ ಯಾರ ಕೈಬರಹ ಅಂತಾನೂ ಕೇಳ್ತಾರೆ."

ಅಧಿಕಾರಿ ಪ್ರಮಾಣಪತ್ರ ಎತ್ತಿ ಹಿಡಿದರು. "ಈ ಸಹಿ ನಿಮ್ಮದೇ? ಈಕೆಗೆ ಓದಲು ಬರುತ್ತದೆಯೆ?"

ಎದ್ದು ನಿಂತೆ. ನಿಜ ಗಂಟಲತನಕ ಬಂದಿತ್ತು. ಕೋಣೆಯಲ್ಲಿದ್ದ ಎಲ್ಲರೂ ನನ್ನ ಕಡೆಗೇ ತಿರುಗಿದರು...

"ಸ್ಪಷ್ಟವಾಗಿ, ನಿರರ್ಗಳವಾಗಿ ಓದುತ್ತಾರೆ ಸ್ವಾಮಿ!"

ಬರೆದುಕೊಂಡರು. ಸಹಿ ಹಾಕಿದೆ.

ಮೆಟ್ಟಿಲಲ್ಲಿ ಆಕೆ ಎದ್ದಳು. "ಹೇಳಿದ್ರಾ ಮೇಷ್ಟ್ರೆ?"

"ಹೇಳಿದೆ ಕಣಮ್ಮ."

"ನಿಮ್ ದನಿ ಇಲ್ಲಿಗಂಟ ಬಂತು. ಮಾತು ತಿಳೀಲಿಲ್ಲ, ಆದ್ರೂ ಜೀವ ತಣ್ಣಗಾಯ್ತು."

ಎಳನೀರು ಕೊಡಿಸಿದಳು. ಕುಡಿದೆ.

ಸೆಪ್ಟೆಂಬರ್ 19, ಗುರುವಾರ, ಬೆಳಿಗ್ಗೆ 11

ಚಿಕ್ಕಹನುಮಕ್ಕ ಆದೇಶದ ಪ್ರತಿ ಹಿಡಿದು ಬಂದಿದ್ದಾಳೆ. ಭುವನಾ ತರಬೇತಿಗೆಂದು ಪಾವಗಡಕ್ಕೆ ಹೋಗಿದ್ದಾಳೆ. ಬೇರೆ ಯಾರೂ ಇಲ್ಲ.

"ಅಂಬರೀಶ ನಗ್ತಾ ಕೊಟ್ಟ. ಓದ್ಕೋ ಅತ್ತೆ, ನಿಂಗೇ ಬತ್ತದಲ್ಲ ಅಂದ. ಮನೆ ಖಾಲಿ ಮಾಡು ಅಂತವ್ನೆ. ನೀವು ಹೇಳಿದ್ ಮ್ಯಾಲೂ ಹೆಂಗೆ ಹೋಯ್ತು ಮೇಷ್ಟ್ರೆ? ಓದಿ. ಒಂದಕ್ಷರಾನೂ ಬುಡಬ್ಯಾಡಿ."

ಓದಿದೆ. ಸರ್ವೆ ನಂಬರು, ಚೆಕ್ಕುಬಂದಿ, ಮೊದಲ ಪುಟ ಮುಗಿಯಿತು. ಎರಡನೇ ಪುಟ: "ಅರ್ಜಿದಾರರಿಗೆ ಓದಲು ಬಾರದೆಂಬ ವಾದವನ್ನು ಒಪ್ಪಲಾಗದು. ಏಕೆಂದರೆ ಸಾಕ್ಷಿಯಾಗಿ ಹಾಜರಾದ..."

ಮುಂದೆ ನನ್ನ ಹೆಸರಿತ್ತು. ನಿಲ್ಲಿಸಿದೆ.

"ಯಾಕ್ ನಿಲ್ಲಿಸ್ಬುಟ್ರಿ? ಯಾರವ್ರು ನನ್ ಮನೆ ಕಳೆದೋರು? ಗಂಟ್ಲು ಒಣಗ್ತಾ? ತಡೀರಿ, ನೀರ್ ತತ್ತೀನಿ."

ಹೊರಗೆ ನಲ್ಲಿಯ ಹತ್ತಿರ ಇದ್ದಾಳೆ. ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಹೆಸರೊಂದು ಬೇಕು. ಆಕೆಗೆ ಓದಲು ಬಾರದು. ನಾನು ಯಾವ ಹೆಸರು ಹೇಳಿದರೂ ಅಲ್ಲಿ ಬರೆದಿರುವುದು ಅದೇ. ಅರ್ಜಿ ಬರೆದವಳು ಭುವನಾ. ಕಚೇರಿಗೂ ಓಡಾಡಿದ್ದಾಳೆ. ಅವಳೇ ಎಂದರೆ ನಂಬ

ಬಂದಳು —