ಇಬ್ಬರಿಗೆ ಒಂದಾಳಿನ ಕೂಲಿ

ಹಿರೇಕೊಟ್ನೆಕಲ್, ಮಂಗಳವಾರ

ಅಕ್ಕಾ,
ಎರಡು ವಿಶ್ವವಿದ್ಯಾಲಯಗಳ ಇಬ್ಬರು ಕೂಡಿ ಕೆಲಸ ಮಾಡಿದರೆ ಮಾತ್ರ ನಮ್ಮ ಪಿಎಚ್.ಡಿ. ತರಬೇತಿಗೆ ಅನುದಾನ. ನನ್ನ ಜೋಡಿ ರಾಯಚೂರಿನ ಶೈಲಜಾ. ವರದಿ ಯಾರು ಬರೆಯಬೇಕೆಂದು ಜಗಳವಾಗಿ ನಾಲ್ಕು ದಿನ ಮಾತು ಬಿಟ್ಟಿದ್ದೆವು. ನಿನ್ನೆ ನಾಟಿ ಹಾಡು ರೆಕಾರ್ಡ್ ಮಾಡಲು ಗದ್ದೆಗೆ ಹೋದರೆ, ಹಾಡುವ ಸೂಗಮ್ಮ, “ಒಬ್ಬಾಕಿ ಹಾಡಿದ್ರ ಹಾಡಾಗಂಗಿಲ್ಲ. ನಾ ಎತ್ತತೀನಿ, ನೀವಿಬ್ರೂ ಹಿಂದ ಸೊಲ್ಲು ಹೇಳ್ರಿ” ಎಂದು ಕೈಗೆ ಸಸಿ ಕೊಟ್ಟು ಕೆಸರಿಗಿಳಿಸಿದರು. ಸಂಜೆ ಗದ್ದೆಯವರಿಗೆ, “ಇಬ್ರೂ ಕೂಡಿ ಒಬ್ಬಾಕಿ ಕೆಲಸ ಮಾಡ್ಯಾರ, ಒಂದಾಳಿನ ಕೂಲಿ ಕೊಡ್ರಿ” ಎಂದು ಕೊಡಿಸಿದರು. ಆ ದುಡ್ಡಿಗೆ ಮಾನ್ವಿಯಲ್ಲಿ ಮಿರ್ಚಿ ಬಜ್ಜಿ ತಿಂದೆವು, ಒಂದೇ ಪ್ಲೇಟಿನಲ್ಲಿ. ಸೊಂಟ ನೋವು ಬಿಟ್ಟರೆ ಆರಾಮ. ಅನುದಾನ ಬಂದಿದೆ, ನೀನೇನೂ ಕಳಿಸಬೇಡ. ಈ ಕಾರ್ಡಿನಲ್ಲಿ ಉಳಿದ ಜಾಗ ಶೈಲಜಾಗೆ ಬೇಕಂತೆ.
ಸುಚಿತ್ರಾ

ಅಕ್ಕಾರ, ಕಡೀ ಮಿರ್ಚಿ ಈಕಿನೇ ತಿಂದಾಳ. – ಶೈಲಜಾ