ತುತ್ತತುದಿಯಲ್ಲಿ ತೂಕದ ಗುಂಡು

ಅಪ್ಪಾ,

ಈ ಕಾರ್ಡಿನ ಹಿಂಬದಿಯ ಚಿತ್ರದಲ್ಲಿ, ಊರಿಗೆಲ್ಲ ಕಾಣುವಂತೆ ನಿಂತಿರುವ ಗಾಜಿನ ಕಟ್ಟಡವಿದೆಯಲ್ಲ, ಅದು ಅಲ್ಲಾಡುತ್ತದೆ! ನಿಮ್ಮಾಣೆ. ತುತ್ತತುದಿಯ ಆಫೀಸಿಗೆ ಬಾಗಿಲು ಕೂರಿಸಲು ಇವತ್ತು ಹತ್ತಿದ್ದೆ. ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಲು ನೀವು ಕೊಟ್ಟ ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟೆ. ಅದು ನಿಲ್ಲಲೇ ಇಲ್ಲ. ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು, ಫ್ಯಾನೂ ಇಲ್ಲ. "ಗುಂಡು ಅಲ್ಲಾಡಿದ್ರೆ ನಿನ್ನ ಕೈ ಸರಿಯಿಲ್ಲ ಅಂತ ಅರ್ಥ" ಎಂದು ನೀವು ಬೈಯುತ್ತಿದ್ದಿರಲ್ಲ, ಅದಕ್ಕೆ ದಾರವನ್ನು ಮೊಳೆಗೆ ಕಟ್ಟಿ ದೂರ ನಿಂತೆ. ಆಗಲೂ ತೊಟ್ಟಿಲಿನಂತೆ ತೂಗುತ್ತಿತ್ತು. ಜೀವ ಬಾಯಿಗೆ ಬಂತು. "ಬಿಲ್ಡಿಂಗ್ ಬೀಳ್ತಿದೆ, ಓಡಿ!" ಎಂದು ಕಿರುಚಿಕೊಂಡೆ. ಆಫೀಸಿನವರು ತಲೆಯನ್ನೂ ಎತ್ತಲಿಲ್ಲ. ನಮ್ಮ ಮೇಸ್ತ್ರಿ ಟೀ ಹೀರುತ್ತಲೇ, "ಹೊರಗೆ ಗಾಳಿ ಜೋರಿದೆ ಕಣಯ್ಯಾ. ಇದನ್ನ ತೂಗೋ ಹಾಗೇ ಕಟ್ಟಿರೋದು. ತೂಗದೆ ಬಿಗಿಯಾಗಿ ನಿಂತ್ರೇನೇ ಅಪಾಯ" ಎಂದ. ಅವನ ಲೋಟದೊಳಗಿನ ಟೀಯೂ ಆ ಕಡೆ ಈ ಕಡೆ ವಾಲುತ್ತಿತ್ತು!

ನೆಗಡಿ ವಾಸಿಯಾಗಿದೆ, ಊಟ ಸೇರುತ್ತಿದೆ. ಅಮ್ಮನಿಗೆ ಓದಿ ಹೇಳುವಾಗ ಈ ಸಾಲಿನಿಂದ ಶುರುಮಾಡಿ, ಮೇಲಿನದನ್ನು ನುಂಗಿಕೊಳ್ಳಿ. ಬಾಗಿಲು ಇನ್ನೂ ಕೂತಿಲ್ಲ, ನಾಳೆ ಮತ್ತೆ ಹತ್ತಬೇಕು.

ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡಿ. ಕೆಳಗಿಳಿದು, ರಸ್ತೆಬದಿಯ ಕಲ್ಲುಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಈಗ ಅಲ್ಲಾಡುತ್ತಿರುವುದು ಮಾತ್ರ ನನ್ನ ಕೈಯೇ.

ನಿಮ್ಮ ಮಗ