ಮಂಚದ ಕೆಳಗಿನ ನೆಲ

ಪಾಂಡವಪುರ
೯–೧೧–೨೦೨೫, ಭಾನುವಾರ

ಪ್ರೀತಿಯ ಅತ್ತೆಮ್ಮಾ,

ಸೊಂಟದ ನೋವು ಹೇಗಿದೆ? ಆಪರೇಷನ್ ಆದ ಕಾಲಿನಲ್ಲೇ ಕೋಲು ಹಿಡಿದು ಶೀಳನೆರೆಯ ಅಂಗಳದಲ್ಲಿ ಎರಡು ಸುತ್ತು ಹಾಕುತ್ತಿದ್ದೀರಂತೆ, ರಂಜಿತ ಹೇಳಿದಳು. ಕೇಳಿ ಕಣ್ಣು ತುಂಬಿ ಬಂತು. ಮಗಳ ಮನೆ ಅಂತ ಸಂಕೋಚಪಟ್ಟುಕೊಂಡು ಅರೆಹೊಟ್ಟೆ ಉಣ್ಣಬೇಡಿ. ಫೋನ್ ಇರುವಾಗ ಕಾಗದ ಯಾಕೆ ಅಂತೀರೇನೋ. ನೀವು ಸ್ಪೀಕರ್ ಹಾಕದೆ ಮಾತಾಡುವವರಲ್ಲ, ನಾನು ಬೈಯಬೇಕಿರುವುದು ನಿಮ್ಮ ಮಗನನ್ನು.

ಮನೆಗೆ ಟೈಲ್ಸ್ ಹಾಕಿಸೋಣ ಅಂದದ್ದೇ ಹಳೇ ನೆಲದಲ್ಲಿ ನೀವು ಜಾರಿ ಬಿದ್ದಿರಿ ಅಂತ ತಾನೆ? ಒರಟಾಗಿರುವುದನ್ನೇ ತನ್ನಿ, ಒದ್ದೆ ಕಾಲಿಟ್ಟರೂ ಜಾರಬಾರದು ಅಂತ ನೂರು ಸಲ ಹೇಳಿ ಕಳಿಸಿದ್ದೆ. ಬಾಬುರಾಯನಕೊಪ್ಪಲಿನ ಅಂಗಡಿಗೆ ಹೋದವರು ತಂದದ್ದು ಮುಖ ನೋಡಿಕೊಂಡು ತಲೆ ಬಾಚಬಹುದಾದಂಥ ಟೈಲ್ಸು! ನಾನೇ ಒಂದರ ಮೇಲೆ ಒದ್ದೆ ಕಾಲಿಟ್ಟು ನೋಡಿದೆ, ಗೋಡೆ ಹಿಡಿಯದಿದ್ದರೆ ನಾನೂ ಶೀಳನೆರೆಗೇ ಬರಬೇಕಿತ್ತು. ಕೇಳಿದರೆ, "ನೆಂಟ್ರು ಬಂದ್ರೆ ಮನೆ ಬೆಳಗ್ಬೇಕು ಕಣಮ್ಮಿ" ಅಂತಾರೆ. ಮನೆಯಲ್ಲಿ ಇರುವವರು ನೆಂಟರೋ ನಾವೋ?

ಲೆಕ್ಕದ ಕಥೆ ಕೇಳಿದರೆ ನಿಮ್ಮ ಮೈ ಉರಿಯುತ್ತದೆ. ನಡುಮನೆ, ನಿಮ್ಮ ಕೋಣೆ ಸೇರಿ ಮುನ್ನೂರ ನಲವತ್ತನಾಲ್ಕು ಚದರ ಅಡಿ. ಕತ್ತರಿಸುವಾಗ, ಒಡೆದಾಗ ಹೋಗುವುದಕ್ಕೂ ಸೇರಿಸಿ ಇಪ್ಪತ್ನಾಲ್ಕು ಬಾಕ್ಸ್ ಬೇಕು ಅಂತ ಮೇಸ್ತ್ರಿ ಕರಿಯಯ್ಯ ಬರೆದುಕೊಟ್ಟಿದ್ದ. ನಿಮ್ಮ ಮಗ ಹತ್ತೊಂಬತ್ತು ತಂದು ಇಳಿಸಿದರು. ಒಡೆಯುವುದಕ್ಕೆ ಬಿಟ್ಟದ್ದನ್ನು ಕಳೆದರಂತೆ, ಬೀರುವಿನ ಕೆಳಗಿನ ಜಾಗ ಕಳೆದರಂತೆ, ಅಕ್ಕಿ ಡ್ರಮ್ಮಿನ ಕೆಳಗಿನದು ಕಳೆದರಂತೆ, ಕೊನೆಗೆ ನಿಮ್ಮ ಮಂಚದ ಕೆಳಗಿನ ಇಪ್ಪತ್ನಾಲ್ಕು ಚದರ ಅಡಿಯನ್ನೂ ಕಳೆದರಂತೆ! ಕರಿಯಯ್ಯ ಕೈಲಿದ್ದ ಕರಣೆ ಕೆಳಗಿಟ್ಟು, "ಇಂಗೂ ಅಳತೆ ಮಾಡ್ತಾರಾ ಸ್ವಾಮಿ? ನಾಳೆ ಮಂಚ ಅತ್ಲಾಗ್ ಎಳುದ್ರೆ?" ಅಂದ. ಅದಕ್ಕೆ ನಿಮ್ಮ ಮಗ, "ಅವ್ವನ್ ಮಂಚ ಇನ್ನೆಲ್ಲಿಗ್ ಓಯ್ತದೆ? ಅವ್ವ ಇನ್ನೇನ್ ಮನೆ ತುಂಬ ಓಡಾಡ್ತದಾ ಬುಡು" ಅಂದುಬಿಟ್ಟರು.

ಆ ಮಾತು ಕೇಳಿ ನನಗೆ ಅನ್ನ ಸೇರಲಿಲ್ಲ ಅತ್ತೆಮ್ಮಾ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗೊತ್ತು. ಆದರೆ ನೀವು ಅಲ್ಲಿ ಒಂದೊಂದೇ ಹೆಜ್ಜೆ ಕಲಿಯುತ್ತಿದ್ದೀರಿ, ಇಲ್ಲಿ ಇವರು ನಿಮ್ಮನ್ನು ಮಂಚದ ಸಮೇತ ಲೆಕ್ಕದಿಂದ ತೆಗೆದೇಬಿಟ್ಟರು. ನಮ್ಮಿಬ್ಬರಿಗೂ ಎಷ್ಟು ಸಲ ಜಗಳವಾಗಿಲ್ಲ? ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಇಡೀ ಬೀದಿಗೆ ಸಾರಿದವರು ನೀವು. ಆದರೂ ಈ ವಿಷಯದಲ್ಲಿ ನಾನು ಸುಮ್ಮನಿರುವವಳಲ್ಲ.

ರಂಜಿತಳಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಔಷಧಿ ತಪ್ಪಿಸಬೇಡಿ. ನಿಮ್ಮ ಆಶೀರ್ವಾದವಿರಲಿ.

ಇಂತಿ ನಿಮ್ಮ ಸೊಸೆ,
ಅರ್ಪಿತ

ತಾ.ಕ.: ಪಕ್ಕದ ಮನೆ ಕುಮಾರ್ ಶೀಳನೆರೆಗೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿ ಆ ಹತ್ತೊಂಬತ್ತನ್ನೂ ವಾಪಸ್ ತೆಗೆದುಕೊಂಡು ಒರಟು ಟೈಲ್ಸು ಇಪ್ಪತ್ನಾಲ್ಕು ಬಾಕ್ಸ್ ಕಳಿಸಿ ಅಂದೆ. ಯಾರು ಹೇಳಿದ್ದು ಅಂತ ಅಂಗಡಿಯವರು ಕೇಳಿದರು. ನಮ್ಮತ್ತೆ ಅಂದುಬಿಟ್ಟೆ. ಮಂಗಳವಾರ ಗಾಡಿ ಬರುತ್ತದೆ. ನಿಮ್ಮ ಮಗ ನಿಮಗೆ ಫೋನ್ ಮಾಡೇ ಮಾಡುತ್ತಾರೆ. "ನಾನೇ ಏಳ್ದೆ ಕಣ್ಲಾ, ಆ ಮನೇಲಿ ನಾನಿನ್ನೂ ಓಡಾಡ್ಬೇಕು" ಅಂತ ಒಂದು ಮಾತು ಅಂದುಬಿಡಿ.